ಶಿಶುಗೃಹದಿಂದ ಸಾಕುಮನೆಗೆ

ಅನ್ನ, ವಸ್ತ್ರ, ಸೂರುಗಳನ್ನು ಒದಗಿಸಿದರೆ ದಿಕ್ಕಿಲ್ಲದ ಶಿಶುವಿನ ವಿಷಯದಲ್ಲಿ ಸಮಾಜದ ಕರ್ತವ್ಯವು ತೀರಿತೆಂಬ ಭಾವನೆಯು ಬಹುಮಂದಿಯಲ್ಲುಂಟು. ರೊಮೇನಿಯಾ ದೇಶದ ಅನುಭವವು ಬೇರೆ. 1966ರಲ್ಲಿ ಅಲ್ಲಿಯ ಪ್ರಭುತ್ವವು ಗರ್ಭಪಾತವನ್ನು ನಿಷೇಧಿಸಿತು. ಬಡವರು ಸಾಕಲಾರದ ಕೂಸುಗಳು ಸರ್ಕಾರದ ಶಿಶುಗೃಹಗಳನ್ನು ಸೇರಿದುವು. 1989ರಲ್ಲಿ ಆ ಪ್ರಭುತ್ವವು ಉರುಳಿದಾಗ ಅಂತಹ ಮಕ್ಕಳ ಸಂಖ್ಯೆಯು ಲಕ್ಷವನ್ನು ಮೀರಿದ್ದಿತು. ಅವರಲ್ಲಿ ಎಷ್ಟೋ ಮಂದಿಗೆ ತಾಯಿತಂದೆಗಳು ಬದುಕಿಯೇ ಇದ್ದರು. ಅನಾಥರೆಂಬ ಹೆಸರೇ ಅವರಿಗೆ ಸಲ್ಲದು.

ಚಾರ್ಲ್ಸ್ ನೆಲ್ಸನ್ ಮೊದಲಾದ ಅಮೆರಿಕದ ವಿದ್ವಾಂಸರು 2000ದಿಂದ ಮುಂದಕ್ಕೆ ಬುಕಾರೆಸ್ಟ್ ನಗರದಲ್ಲಿ ಇಂತಹ 136 ಶಿಶುಗಳನ್ನು ಪರೀಕ್ಷಿಸಿ, ಚೀಟಿಯೆತ್ತುವ ಕ್ರಮದಿಂದ ಅರ್ಧದಷ್ಟು ಮಂದಿಯನ್ನು ಸಾಕುಮನೆಗಳಿಗೆ ಒಪ್ಪಿಸಿದರು. ಮಿಕ್ಕವರ ಗತಿಯೇನೆಂದು ತಾವು ಕೇಳಬಹುದು, ಕೇಳತಕ್ಕದ್ದೇ. ಆ ಊರಿನಲ್ಲಿ ಆಗ ಸಾಕುಮನೆಗಳೇ ವಿರಳ. ಮಿಕ್ಕವರಿಗೆ ಮನೆ ದೊರೆತಲ್ಲಿ ಯಾರೂ ಅಡ್ಡಬರಲಿಲ್ಲ.

ನಾಲ್ಕೂವರೆ ವರ್ಷ ತುಂಬುವ ವೇಳೆಗೆ ಬುದ್ಧಿಶಕ್ತಿಯ ಸರಾಸರಿ ಅಂಕವು ಶಿಶುಗೃಹದ ಪಾಲಿಗೆ ಬಂದವರಲ್ಲಿ ಸುಮಾರು 73, ಸಾಕುಮನೆಯ ಪಾಲಿಗೆ ಬಂದವರಲ್ಲಿ 81. ಎರಡು ವರ್ಷದೊಳಗೆ ಮನೆ ಸೇರಿದವರಿಗೆ ಲಾಭವು ಹೆಚ್ಚು. ಕಾರಣವು ಗೂಢವಲ್ಲ: ಶಿಶುಗೃಹದಲ್ಲಿ ದಾದಿಯರು ಸರದಿಯಂತೆ ಬದಲಾಗುವರು, ಅತ್ತರೆ ಬರುವ ಮುಖವು ನಿನ್ನೆಯದಲ್ಲ. ಆ ಮುಖವನ್ನು ಗುರುತಿಸುತ್ತಲೇ ಕೂಸು ಮಾತನ್ನೂ ಮಮತೆಯನ್ನೂ ಕಲಿಯಬೇಕಷ್ಟೆ.

ರೊಮೇನಿಯಾದ 2004ರ ಕಾಯಿದೆಯು ಎರಡು ವರ್ಷದೊಳಗಿನ ಶಿಶುಗಳನ್ನು ಶಿಶುಗೃಹಗಳಿಗೆ ಸೇರಿಸಕೂಡದೆಂದು ವಿಧಿಸಿತು. ತೀವ್ರವಾದ ಅಂಗವೈಕಲ್ಯವುಳ್ಳವರನ್ನು ಮಾತ್ರ ಹೊರಗಿಟ್ಟಿತು. ಇದು ನನಗೆ ಸರಿತೋರದು.