ಐವತ್ತರ ಮೇಲೆ ಇಪ್ಪತ್ತು ಎಷ್ಟಾಯಿತು?

ಮಹಾನವಮಿ ಕಳೆದು ದೀಪಾವಳಿ ಹತ್ತಿರವಾದಂತೆ ಜವಳಿ ಅಂಗಡಿಗಳ ಮುಂದೆ ಕೆಂಪಕ್ಷರದ ಫಲಕಗಳು ತೂಗಾಡತೊಡಗುತ್ತವೆ. ‘ಶೇ. 50 ರಿಯಾಯಿತಿ, ಅದರ ಮೇಲೆ ಶೇ. 20’, ‘ಎರಡು ಕೊಂಡರೆ ಒಂದು ಉಚಿತ’. ಬೆಂಗಳೂರಿನ ಚಿಕ್ಕಪೇಟೆಯ ಹಳೆಯ ಮಳಿಗೆಯಿಂದ ಹಿಡಿದು ಹೊಸ ಬಡಾವಣೆಯ ಬೊಟಿಕ್‌ವರೆಗೆ ಇದೇ ಮಾತು. ಹಬ್ಬದ ಬೋನಸ್ಸು ಕೈಸೇರುವುದೂ ಇದೇ ಹೊತ್ತಿಗೆ. ಆ ಹಣದಲ್ಲಿ ಮನೆಮಂದಿಗೆಲ್ಲ ಬಟ್ಟೆಯೂ ಆಗಬೇಕು, ಮಕ್ಕಳ ಶುಲ್ಕದ ಮುಂದಿನ ಕಂತೂ ಉಳಿಯಬೇಕು. ಆದ್ದರಿಂದ ಫಲಕದ ಹಿಂದಿನ ಲೆಕ್ಕ ತಿಳಿದಿರುವುದು ಒಳ್ಳೆಯದು. ಅದಕ್ಕೆ ಏಳನೆಯ ತರಗತಿಯ ಗಣಿತ ಸಾಕು.

ವ್ಯಾಪಾರಿ ಕೈಯಿಂದ ಕಳೆದುಕೊಂಡು ರಿಯಾಯಿತಿ ಕೊಡುತ್ತಾನೆಯೇ? ಸಾಮಾನ್ಯವಾಗಿ ಇಲ್ಲ. ಕಪಾಟಿನಲ್ಲೇ ಕುಳಿತ ಸೀರೆ ಎಂದರೆ ಸಿಕ್ಕಿಬಿದ್ದ ಬಂಡವಾಳ. ಬಡ್ಡಿ, ಬಾಡಿಗೆ ಏರುತ್ತಲೇ ಇರುತ್ತವೆ, ವಿನ್ಯಾಸ ಹಳತಾಗುತ್ತದೆ. ಮದುವೆಗಳಿಲ್ಲದ ಆಷಾಢದಲ್ಲಿ ‘ಆಷಾಢ ಸೇಲ್’ ನಡೆಯುವುದು ಇದನ್ನು ಕರಗಿಸಲಿಕ್ಕೇ. ದೀಪಾವಳಿಯ ಬಗೆ ಬೇರೆ. ಆಗ ಗಿರಾಕಿ ಹೇಗೂ ಬರುತ್ತಾನೆ. ಅವನು ಪಕ್ಕದ ಅಂಗಡಿಗೆ ಹೋಗದಂತೆ, ಒಂದರ ಬದಲು ಮೂರು ಕೊಳ್ಳುವಂತೆ ಮಾಡುವುದೇ ಗುರಿ.

ಈಗ ಲೆಕ್ಕ. 2,000 ರೂಪಾಯಿಯ ಕುರ್ತಾಕ್ಕೆ ಶೇ. 50 ಕಳೆದರೆ 1,000. ಮುಂದಿನ ಶೇ. 20 ಸಿಗುವುದು ಈ ಸಾವಿರದ ಮೇಲೆ, ಅಂದರೆ 200. ಕೊಡಬೇಕಾದದ್ದು 800. ಒಟ್ಟು ರಿಯಾಯಿತಿ ಶೇ. 60, ಕಣ್ಣಿಗೆ ಕಂಡಂತೆ ಶೇ. 70 ಅಲ್ಲ. ‘ಎರಡಕ್ಕೆ ಒಂದು ಉಚಿತ’ ಎಂದರೆ ಸುಮಾರು ಶೇ. 33 ರಿಯಾಯಿತಿ, ಅದೂ ಮೂರರ ಅಗತ್ಯವಿದ್ದರೆ ಮಾತ್ರ. 600 ರೂಪಾಯಿಯ ಒಂದೇ ಅಂಗಿ ಬೇಕಿದ್ದವನು 1,200 ತೆತ್ತು ಬಂದರೆ ಉಳಿತಾಯವಾಗಲಿಲ್ಲ, ಖರ್ಚು ಇಮ್ಮಡಿಯಾಯಿತು.

ಹೊಡೆದುಹಾಕಿದ ಹಳೆಯ ಬೆಲೆಯನ್ನು ಚೀಟಿಯಲ್ಲಿ ಯಾಕೆ ಉಳಿಸುತ್ತಾರೆ? ಇದಕ್ಕೆ ಮನಶ್ಶಾಸ್ತ್ರದಲ್ಲಿ ಉತ್ತರವಿದೆ. ಟ್ವೆರ್ಸ್ಕಿ ಮತ್ತು ಕಾಹ್ನೆಮನ್ 1974ರಲ್ಲಿ ವರದಿ ಮಾಡಿದ ಪ್ರಯೋಗವೊಂದರಲ್ಲಿ ಅಂಕಿಗಳ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳ ಪಾಲು ಶೇಕಡಾ ಎಷ್ಟೆಂದು ಕೇಳಲಾಯಿತು. ಚಕ್ರ 10ಕ್ಕೆ ನಿಂತವರ ಅಂದಾಜಿನ ಮಧ್ಯಮಾಂಕ 25, 65ಕ್ಕೆ ನಿಂತವರದು 45. ಸಂಬಂಧವೇ ಇಲ್ಲದ ಅಂಕಿಯೂ ಮನಸ್ಸನ್ನು ಲಂಗರಿನಂತೆ ಹಿಡಿದಿಡುತ್ತದೆ. 2,000 ಎಂಬುದನ್ನು ಮೊದಲು ಕಂಡ ಕಣ್ಣಿಗೆ 800 ಅಗ್ಗವೆನಿಸುತ್ತದೆ. ಆ ಬಟ್ಟೆಗೆ 800 ಕೊಡಬಹುದೇ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಬೆಲೆಯಂತೆ ಬಣ್ಣವೂ ಮೋಸಮಾಡಬಲ್ಲದು. ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿರುವ ಬಣ್ಣಗಳನ್ನಷ್ಟೇ ಪ್ರತಿಫಲಿಸಬಲ್ಲದು. ಅಂಗಡಿಯ ದೀಪದಲ್ಲಿ ಸೀರೆಗೆ ಒಪ್ಪಿದ ರವಿಕೆ ಕಣ ಬಿಸಿಲಿನಲ್ಲಿ ಒಪ್ಪದಿರುವುದು ಇದಕ್ಕೇ. ಬಾಗಿಲ ಬಳಿ ಹಗಲು ಬೆಳಕಿನಲ್ಲಿ ನೋಡುವುದು ಜಾಣತನ. ರೇಷ್ಮೆಯ ಪರೀಕ್ಷೆಗೆ ಬಿಡಿ ಎಳೆಯೊಂದು ಸಾಕು. ಹಿರಿಯರ ಎದುರಿನಲ್ಲೇ ಅದನ್ನು ಸುಡಬೇಕು. ರೇಷ್ಮೆ ಕೂದಲಿನಂತೆ ಪ್ರೋಟೀನು. ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸುಡಲು ಮನಸ್ಸಿಲ್ಲದವರು ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ‘ಸಿಲ್ಕ್ ಮಾರ್ಕ್’ ಚೀಟಿಯನ್ನು ನೋಡಬಹುದು.

ಕಾನೂನೂ ಗ್ರಾಹಕನ ಬೆನ್ನಿಗಿದೆ. ಎಂ.ಆರ್.ಪಿ. ಎಂದರೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಫಲಕವಿದ್ದ ಮಾತ್ರಕ್ಕೆ ದೋಷವುಳ್ಳ ಬಟ್ಟೆಯನ್ನು ನಿರಾಕರಿಸುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲಿನಲ್ಲಿ ಕಾಣಿಸಿದ ಅವಧಿಯೊಳಗೆ, ಅವಧಿ ಕಾಣಿಸದಿದ್ದರೆ 30 ದಿನಗಳೊಳಗೆ, ಅದನ್ನು ಹಿಂದಕ್ಕೆ ಪಡೆದು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅಷ್ಟೇ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಣ್ಣ ಹಿಡಿಸಲಿಲ್ಲ ಎಂಬುದು ಮಾತ್ರ ದೋಷವಾಗದು.

ಯಾರಿಗೆ ಏನು ಬೇಕು, ಎಷ್ಟರೊಳಗೆ ಎಂದು ಮನೆಯಲ್ಲೇ ಪಟ್ಟಿ ಮಾಡಿ, ಅದನ್ನು ಹಿಡಿಯುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಹುದು. ಹೊರಡುವ ಮುನ್ನ ಅವರು ಬಿಡಿಸಬೇಕಾದ ಲೆಕ್ಕವೊಂದಿದೆ: ಅಂಗಡಿಯವನು ಬೆಲೆಯನ್ನು ಮೊದಲು ಶೇ. 25 ಏರಿಸಿ, ಆಮೇಲೆ ಶೇ. 20 ರಿಯಾಯಿತಿ ಕೊಟ್ಟರೆ ಗಿರಾಕಿಗೆ ಉಳಿದದ್ದೆಷ್ಟು?