ಕಡ್ಡಿ, ಕಲ್ಲು ಸಾಕೇ ಮಕ್ಕಳ ಆಟಕ್ಕೆ?

ಪ್ರಶ್ನೆ: ಮನೆತುಂಬ ಆಟಿಕೆಗಳಿದ್ದರೂ ನ್ಯೂಜೆರ್ಸಿಯ ನಮ್ಮ ಮಕ್ಕಳು ಪಾರ್ಕಿನಲ್ಲಿ ಕಡ್ಡಿ, ಕಲ್ಲುಗಳನ್ನೇ ಆರಿಸುತ್ತಾರೆ. ಏಕೆ? ಬಿಡಬಹುದೇ?

ಉತ್ತರ: ಧಾರಾಳವಾಗಿ ಬಿಡಿ. ಬ್ಯಾಟರಿ ಕಾರು ಎಂದಿಗೂ ಕಾರೇ. ಕಡ್ಡಿಯಾದರೋ ಈಗ ಬಿಲ್ಲು, ಮರುಗಳಿಗೆ ಸೌಟು. ಅದು ಏನಾಗಬೇಕೆಂದು ಗೊತ್ತುಮಾಡುವುದು ಮಗುವೇ ಆದ್ದರಿಂದ ಆಟ ಬೇಗ ಬೇಸರವಾಗದು. ಎತ್ತಿ, ಜೋಡಿಸಿ, ಕೆಡವಬಹುದಾದ ಬಿಡಿ ವಸ್ತುಗಳು ಹೆಚ್ಚಿದ್ದಷ್ಟೂ ಕಲ್ಪನೆಗೆ ಎಡೆ ಹೆಚ್ಚು ಎಂದು ಕಲಾವಿದ ಸೈಮನ್ ನಿಕಲ್ಸನ್ 1971ರಲ್ಲೇ ವಾದಿಸಿದ್ದರು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ರಾಷ್ಟ್ರೀಯ ಆಟಿಕೆ ಗೌರವ ಭವನ 2008ರಲ್ಲಿ ಕಡ್ಡಿಯನ್ನು, 2021ರಲ್ಲಿ ಮರಳನ್ನು ತನ್ನ ಪಟ್ಟಿಗೆ ಸೇರಿಸಿತು. ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕಿನಲ್ಲಂತೂ 2012ರ ಸ್ಯಾಂಡಿ ಚಂಡಮಾರುತಕ್ಕೆ ಉರುಳಿದ ಮರಗಳನ್ನೇ ಬಳಸಿ ಮಕ್ಕಳಿಗೆ ಆಟದ ತಾಣ ಮಾಡಿದ್ದಾರೆ.

ಗಾಯವಾದರೆ, ಉಣ್ಣಿ ಕಚ್ಚಿದರೆ ಎಂಬ ಅಳುಕು ಸಹಜ. ಲೈಮ್ ರೋಗ ಹರಡುವ ಉಣ್ಣಿಗಳು ಈ ಭಾಗದಲ್ಲಿ ಇರುವುದೂ ನಿಜ. ಆದರೆ ಅದಕ್ಕೆ ಪರಿಹಾರ ಮಕ್ಕಳನ್ನು ಒಳಗೆ ಕೂರಿಸುವುದಲ್ಲ. ಎತ್ತರದ ಹುಲ್ಲು, ತರಗೆಲೆ ರಾಶಿಯಿಂದ ದೂರವಿರಿಸಿ, ಉದ್ದ ಪ್ಯಾಂಟು ತೊಡಿಸಿ, ಮನೆಗೆ ಬಂದೊಡನೆ ಮೈಯೆಲ್ಲ ಪರೀಕ್ಷಿಸಿ. ಕಚ್ಚಿದ ಉಣ್ಣಿಯನ್ನು 24 ಗಂಟೆಯೊಳಗೆ ಚಿಮುಟದಿಂದ ತೆಗೆದರೆ ಸೋಂಕಿನ ಸಾಧ್ಯತೆ ಬಹಳ ಕಡಿಮೆ. ಸಣ್ಣಪುಟ್ಟ ತರಚುಗಾಯವಂತೂ ಮಗುವಿಗೆ ತನ್ನ ಅಳವನ್ನು ತಾನೇ ಅಳೆಯಲು ಕಲಿಸುತ್ತದೆ. ಒಂದೇ ನಿಯಮವಿರಲಿ: ಬಿದ್ದದ್ದನ್ನು ಆರಿಸಬಹುದು, ಗಿಡದಿಂದ ಮುರಿಯುವಂತಿಲ್ಲ.