ಜಲಜನಕ ಬಂಧ

ಜಲಜನಕ ಬಂಧ ಅಥವಾ ಹೈಡ್ರೋಜನ್ ಬಂಧವು ಒಂದು ಅಣುವಿನಲ್ಲಿರುವ ಜಲಜನಕ ಪರಮಾಣುವಿಗೂ ನೆರೆಯ ಅಣುವಿನ, ಕೆಲವೊಮ್ಮೆ ಅದೇ ಅಣುವಿನ ಬೇರೆ ಭಾಗದ, ಮತ್ತೊಂದು ಪರಮಾಣುವಿಗೂ ನಡುವೆ ಉಂಟಾಗುವ ಆಕರ್ಷಣೆಯಾಗಿದೆ. ಪರಮಾಣುಗಳನ್ನು ಅಣುವಾಗಿ ಹಿಡಿದಿಡುವ ಸಹವೇಲೆನ್ಸೀಯ ಬಂಧಕ್ಕಿಂತ ಇದು ಬಹಳ ದುರ್ಬಲ. ಆದರೂ ನೀರು ಸಾಮಾನ್ಯ ತಾಪದಲ್ಲಿ ದ್ರವವಾಗಿರುವುದಕ್ಕೂ ಡಿಎನ್‌ಎಯ ಎರಡು ಎಳೆಗಳು ಜೊತೆಗೂಡಿರುವುದಕ್ಕೂ ಇದು ಮುಖ್ಯ ಕಾರಣ. ಇದರ ಇಂದಿನ ವ್ಯಾಖ್ಯೆಯನ್ನು 2011ರಲ್ಲಿ ಪ್ರಕಟಿಸಿದ ಅಂತರರಾಷ್ಟ್ರೀಯ ಕಾರ್ಯತಂಡದ ನೇತೃತ್ವ ವಹಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್ ಒಬ್ಬರು.

ಬಂಧ ಉಂಟಾಗುವ ಬಗೆ

ಸಹವೇಲೆನ್ಸೀಯ ಬಂಧದಲ್ಲಿ ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆ. ಈ ಹಂಚಿಕೆ ಯಾವಾಗಲೂ ಸಮವಾಗಿರುವುದಿಲ್ಲ. ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುವ ಸಾಮರ್ಥ್ಯವನ್ನು ವಿದ್ಯುತ್ ಋಣೀಯತೆ ಎನ್ನುತ್ತಾರೆ. ಪೌಲಿಂಗ್ ಮಾನದಲ್ಲಿ ಇದು ಜಲಜನಕಕ್ಕೆ 2.20, ಸಾರಜನಕಕ್ಕೆ 3.04, ಆಮ್ಲಜನಕಕ್ಕೆ 3.44 ಮತ್ತು ಫ್ಲೋರಿನ್‌ಗೆ 3.98. ಆದ್ದರಿಂದ ನೀರಿನ ಅಣುವಿನಲ್ಲಿ ಎಲೆಕ್ಟ್ರಾನುಗಳು ಆಮ್ಲಜನಕದ ಕಡೆಗೆ ಸರಿದು, ಅದಕ್ಕೆ ಭಾಗಶಃ ಋಣ ಆವೇಶವೂ ಜಲಜನಕಗಳಿಗೆ ಭಾಗಶಃ ಧನ ಆವೇಶವೂ ಬರುತ್ತವೆ.

ಇಂತಹ ಆವೇಶ ಇತರ ಪರಮಾಣುಗಳಲ್ಲಿಯೂ ಕಂಡುಬರುತ್ತದೆ. ಆದರೆ ಜಲಜನಕದಲ್ಲಿ ಇರುವುದು ಒಂದೇ ಎಲೆಕ್ಟ್ರಾನು. ಬೀಜವನ್ನು ಮರೆಮಾಡುವ ಒಳಕವಚ ಅದಕ್ಕಿಲ್ಲ. ಆ ಎಲೆಕ್ಟ್ರಾನು ಒಂದು ಬದಿಗೆ ಸರಿದಾಗ ಇನ್ನೊಂದು ಬದಿಯಲ್ಲಿ ಪ್ರೋಟಾನು ಬಹುಮಟ್ಟಿಗೆ ತೆರೆದುಕೊಳ್ಳುತ್ತದೆ. ಹೀಗಾಗಿ ನೆರೆಯ ಅಣುವಿನ ಆಮ್ಲಜನಕದಲ್ಲಿರುವ, ಬಂಧದಲ್ಲಿ ತೊಡಗದ ಎಲೆಕ್ಟ್ರಾನು ಜೋಡಿಯು ಅದರ ಬಹಳ ಸಮೀಪಕ್ಕೆ ಬರಬಲ್ಲದು. ಜಲಜನಕವನ್ನು ಹೊಂದಿರುವ ಅಣುವನ್ನು ದಾತೃ ಎಂದೂ ಎಲೆಕ್ಟ್ರಾನು ಜೋಡಿಯನ್ನು ಒದಗಿಸುವ ಅಣುವನ್ನು ಗ್ರಾಹಿ ಎಂದೂ ಕರೆಯುತ್ತಾರೆ. ಇಲ್ಲಿ 'ದಾನ' ಎಂಬುದು ಜಲಜನಕಕ್ಕೆ ಸಂಬಂಧಿಸಿದ್ದು, ಎಲೆಕ್ಟ್ರಾನುಗಳಿಗಲ್ಲ.

ಈ ಆಕರ್ಷಣೆಗೆ ದಿಕ್ಕು ಇದೆ. ದಾತೃ ಪರಮಾಣು, ಜಲಜನಕ ಮತ್ತು ಗ್ರಾಹಿ ಪರಮಾಣು ಒಂದೇ ಸರಳರೇಖೆಯಲ್ಲಿದ್ದಾಗ, ಅಂದರೆ ಕೋನವು 180 ಡಿಗ್ರಿಗೆ ಹತ್ತಿರವಾದಾಗ, ಬಂಧವು ಸಾಮಾನ್ಯವಾಗಿ ಹೆಚ್ಚು ಬಲವಾಗಿರುತ್ತದೆ.

ಬಲ

ನೀರಿನ ಅಣುವಿನೊಳಗಿನ ಆಮ್ಲಜನಕ–ಜಲಜನಕ ಸಹವೇಲೆನ್ಸೀಯ ಬಂಧವನ್ನು ಮುರಿಯಲು ಪ್ರತಿ ಮೋಲ್‌ಗೆ ಸುಮಾರು 460 ಕಿಲೋಜೌಲ್ ಶಕ್ತಿ ಬೇಕು. ಎರಡು ನೀರಿನ ಅಣುಗಳ ನಡುವಿನ ಜಲಜನಕ ಬಂಧಕ್ಕೆ ಸುಮಾರು 20 ಕಿಲೋಜೌಲ್ ಸಾಕು. ದ್ರವರೂಪದ ನೀರಿನಲ್ಲಿ ಈ ಬಂಧಗಳು ಕ್ಷಣಕ್ಷಣಕ್ಕೂ ಮುರಿಯುತ್ತಾ ಮತ್ತೆ ಕೂಡುತ್ತಾ ಇರುತ್ತವೆ. ನೀರು ಕುದಿಯುವಾಗ ಅಣುಗಳ ನಡುವಿನ ಜಲಜನಕ ಬಂಧಗಳು ಮುರಿಯುತ್ತವೆಯೇ ಹೊರತು ಅಣುಗಳು ಜಲಜನಕ, ಆಮ್ಲಜನಕಗಳಾಗಿ ಒಡೆಯುವುದಿಲ್ಲ. ಆದ್ದರಿಂದಲೇ ಹಬೆಯು ತಣಿದಾಗ ಮತ್ತೆ ನೀರಾಗುತ್ತದೆ.

ಪರಿಣಾಮಗಳು

* ಕುದಿಬಿಂದು: ಗಂಧಕವು ಆವರ್ತ ಕೋಷ್ಟಕದಲ್ಲಿ ಆಮ್ಲಜನಕದ ಕೆಳಗಿನ ಧಾತು. ಜಲಜನಕ ಸಲ್ಫೈಡ್‌ನ ಅಣು ನೀರಿನ ಅಣುವಿಗಿಂತ ಭಾರವಾಗಿದ್ದರೂ ಅದು ಸುಮಾರು –60 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ.
* ಮಂಜುಗಡ್ಡೆ: ಇದರಲ್ಲಿ ಪ್ರತಿಯೊಂದು ಅಣುವೂ ಎರಡು ಬಂಧಗಳಲ್ಲಿ ದಾತೃವಾಗಿ, ಎರಡರಲ್ಲಿ ಗ್ರಾಹಿಯಾಗಿ, ನಾಲ್ಕು ನೆರೆಯ ಅಣುಗಳೊಂದಿಗೆ ಕೂಡಿರುತ್ತದೆ. ಈ ಜಾಲದಲ್ಲಿ ಖಾಲಿ ಜಾಗ ಹೆಚ್ಚಿರುವುದರಿಂದ ಮಂಜುಗಡ್ಡೆಯ ಸಾಂದ್ರತೆ ನೀರಿಗಿಂತ ಕಡಿಮೆ. ಅದು ನೀರಿನ ಮೇಲೆ ತೇಲುತ್ತದೆ.
* ಜೀವಾಣುಗಳು: ಡಿಎನ್‌ಎಯಲ್ಲಿ ಅಡೆನಿನ್ ಮತ್ತು ಥೈಮಿನ್ ನಡುವೆ ಎರಡು, ಗ್ವಾನಿನ್ ಮತ್ತು ಸೈಟೊಸಿನ್ ನಡುವೆ ಮೂರು ಜಲಜನಕ ಬಂಧಗಳಿವೆ. ಒಂದೊಂದೂ ದುರ್ಬಲವಾದ್ದರಿಂದ, ಜೀವಕೋಶವು ಎಳೆಗಳ ಸಹವೇಲೆನ್ಸೀಯ ಬಂಧಗಳನ್ನು ಮುರಿಯದೆಯೇ ಅವನ್ನು ಬೇರ್ಪಡಿಸಿ ನಕಲು ಮಾಡಬಲ್ಲದು.

ಇತಿಹಾಸ ಮತ್ತು ವ್ಯಾಖ್ಯೆ

1920ರಲ್ಲಿ ಅಮೆರಿಕದ ವೆಂಡೆಲ್ ಲ್ಯಾಟಿಮರ್ ಮತ್ತು ವರ್ತ್ ರೋಡೆಬುಶ್ ಅವರು ನೀರಿನ ಗುಣಗಳನ್ನು ವಿವರಿಸಲು ಈ ಕಲ್ಪನೆಯನ್ನು ಬಳಸಿದರು. ಲೈನಸ್ ಪೌಲಿಂಗ್ ಅವರ 1939ರ ಗ್ರಂಥ 'ದಿ ನೇಚರ್ ಆಫ್ ದಿ ಕೆಮಿಕಲ್ ಬಾಂಡ್' ಅದನ್ನು ವ್ಯಾಪಕವಾಗಿ ಪರಿಚಯಿಸಿತು. ಸಾರಜನಕ, ಆಮ್ಲಜನಕ ಮತ್ತು ಫ್ಲೋರಿನ್‌ಗಳು ಮಾತ್ರ ಈ ಬಂಧದಲ್ಲಿ ಭಾಗವಹಿಸುತ್ತವೆ ಎಂಬ ಸರಳ ನಿಯಮ ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು.

ಇಂಗಾಲ ಮತ್ತು ಗಂಧಕಗಳಿಗೆ ಸೇರಿದ ಜಲಜನಕವೂ ದುರ್ಬಲ ಬಂಧಗಳನ್ನು ಏರ್ಪಡಿಸುತ್ತದೆ ಎಂಬುದಕ್ಕೆ ಕ್ರಮೇಣ ಪುರಾವೆಗಳು ದೊರೆತವು. ಗೌತಮ್ ದೇಸಿರಾಜು ಮತ್ತು ಥಾಮಸ್ ಸ್ಟೈನರ್ ಅವರು 1999ರಲ್ಲಿ ಇಂತಹ ದುರ್ಬಲ ಬಂಧಗಳ ಬಗ್ಗೆಯೇ ಒಂದು ಗ್ರಂಥವನ್ನು ಪ್ರಕಟಿಸಿದರು. ದೇಸಿರಾಜು ಅವರು ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಶುದ್ಧ ಮತ್ತು ಅನ್ವಯಿಕ ರಸಾಯನವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟದ (ಐಯುಪ್ಯಾಕ್) 2011ರ ವ್ಯಾಖ್ಯೆಯು ಮೂರು ಧಾತುಗಳ ಪಟ್ಟಿಯನ್ನು ಕೈಬಿಟ್ಟಿತು. ಅದರ ಪ್ರಕಾರ ದಾತೃ ಪರಮಾಣುವು ಜಲಜನಕಕ್ಕಿಂತ ಹೆಚ್ಚು ವಿದ್ಯುತ್ ಋಣೀಯವಾಗಿರಬೇಕು ಮತ್ತು ಬಂಧ ಏರ್ಪಟ್ಟಿರುವುದಕ್ಕೆ ಪುರಾವೆ ಇರಬೇಕು. ಅವೆಗೆಂಪು ರೋಹಿತದಲ್ಲಿನ ಬದಲಾವಣೆ, ಬಂಧದ ಕೋನ ಮುಂತಾದವು ಇಂತಹ ಪುರಾವೆಗಳು.

2018ರಲ್ಲಿ ಅರುಣನ್ ಮತ್ತು ಸಹಸಂಶೋಧಕರು ಅತಿ ಕಡಿಮೆ ತಾಪದಲ್ಲಿ ಜಲಜನಕ ಸಲ್ಫೈಡ್‌ನ ಎರಡು ಅಣುಗಳ ಜೋಡಿಯನ್ನು ಸೂಕ್ಷ್ಮತರಂಗ ರೋಹಿತದ ಮೂಲಕ ಪರೀಕ್ಷಿಸಿ, ಅವುಗಳ ನಡುವೆಯೂ ಜಲಜನಕ ಬಂಧವಿದೆ ಎಂದು ತೋರಿಸಿದರು. ಆದ್ದರಿಂದ ಮೂರು ಧಾತುಗಳ ನಿಯಮವು ಪ್ರಬಲ ಜಲಜನಕ ಬಂಧಗಳನ್ನು ಗುರುತಿಸಲು ಉಪಯುಕ್ತವಾದರೂ ಈ ಬಂಧದ ಪೂರ್ಣ ವ್ಯಾಖ್ಯೆಯಲ್ಲ.